ಅಣಬೆ ಸಾರ ಮತ್ತು ಜೀವಕೋಶ: ತಟ್ಟೆಯಲ್ಲಿ ಕಂಡದ್ದು ದೇಹದಲ್ಲೂ ಆಗುತ್ತದೆಯೇ?

"ಈ ಅಣಬೆಯ ಸಾರ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಡೆಯುತ್ತದೆ." ಇಂಥ ಸಾಲು ಜಾಹೀರಾತುಗಳಲ್ಲಿ, ವಿಡಿಯೊಗಳಲ್ಲಿ, ಫಾರ್ವರ್ಡ್ ಆಗಿ ಬರುವ ಸಂದೇಶಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಕೆಳಗೆ ಯಾವುದೋ ಸಂಶೋಧನಾ ಲೇಖನದ ಕೊಂಡಿ ಇರುತ್ತದೆ. ತೆರೆದು ನೋಡಿದರೆ ಲೇಖನ ನಿಜವಾಗಿಯೂ ಇರುತ್ತದೆ. ಪ್ರಯೋಗ ನಡೆದಿರುತ್ತದೆ. ಪ್ರಯೋಗಾಲಯದಲ್ಲಿ ಕೋಶಗಳನ್ನು ಬೆಳೆಸುವ ತಟ್ಟೆಗೆ ಸಾರ ಹಾಕಿದಾಗ ಕೋಶಗಳು ಕಡಿಮೆಯಾಗಿರುತ್ತವೆ. ಹಾಗಾಗಿ ಆ ಸಾಲನ್ನು ಸುಳ್ಳು ಎಂದು ತಳ್ಳಿಹಾಕಲು ಆಗುವುದಿಲ್ಲ.

ಆದರೆ ಅದನ್ನು ಓದುವವರು ಯಾರು ಎಂದು ಯೋಚಿಸಿ. ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಗೊತ್ತಾಗಿದೆ. ಕೀಮೊ ಶುರುವಾಗಬೇಕು. ಭಯ, ಗಡಿಬಿಡಿ, ನಿದ್ದೆಯಿಲ್ಲದ ರಾತ್ರಿ. ಆ ಹೊತ್ತಿನಲ್ಲಿ "ಬೆಳವಣಿಗೆ ತಡೆಯುತ್ತದೆ" ಎಂಬ ಮಾತು "ಕಾಯಿಲೆ ವಾಸಿಯಾಗುತ್ತದೆ" ಎಂದೇ ಕೇಳಿಸುತ್ತದೆ. ಈ ಎರಡು ಮಾತುಗಳ ನಡುವೆ ಎಷ್ಟು ದೂರ ಇದೆ ಎಂದು ಯಾರೂ ಹೇಳುವುದಿಲ್ಲ. ಈ ಲೇಖನ ಆ ದೂರದ ಬಗ್ಗೆ.

ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. ಔಷಧೀಯ ಅಣಬೆಗಳಲ್ಲಿ ಏನೂ ಇಲ್ಲ ಎಂಬುದು ನನ್ನ ವಾದವಲ್ಲ. ಇದೆ, ಬೇಕಾದಷ್ಟು ಇದೆ. ಆದರೆ ಅಣಬೆಯಿಂದ ಬಂದು ರೋಗಿಗಳಿಗೆ ಅತಿ ಹೆಚ್ಚು ಬಳಕೆಯಾದ ಪದಾರ್ಥಗಳು ಕೋಶಗಳನ್ನು ನೇರವಾಗಿ ಕೊಂದು ಹೆಸರು ಮಾಡಿದವಲ್ಲ. ತಟ್ಟೆಯಲ್ಲಿ ಚೆನ್ನಾಗಿ ಕೊಂದ ಪದಾರ್ಥವೋ, ರಕ್ತಕ್ಕೆ ಹೋದ ಕೂಡಲೇ ಸೋತಿತು. ಇದನ್ನು ಅರ್ಥ ಮಾಡಿಕೊಂಡರೆ "ಕೋಶಗಳು ಕಡಿಮೆಯಾದವು" ಎಂಬ ಸುದ್ದಿಯನ್ನು ಎಷ್ಟು ತೂಕಕ್ಕೆ ತೆಗೆದುಕೊಳ್ಳಬೇಕು ಎಂದು ತಾನಾಗಿಯೇ ತಿಳಿಯುತ್ತದೆ.

ತಟ್ಟೆಯಲ್ಲಿ ಏನೂ ಮಾಡದ ಔಷಧ

1969ರಲ್ಲಿ ಜಪಾನಿನ ಗೋರೊ ಚಿಹಾರಾ ಮತ್ತು ಅವರ ಜೊತೆಗಾರರು 'ನೇಚರ್' ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಶಿಟಾಕೆ ಅಣಬೆಯಿಂದ ತೆಗೆದ ಸಕ್ಕರೆ ಸರಪಳಿಯಂಥ ಪದಾರ್ಥವನ್ನು ಇಲಿಗಳಿಗೆ ಚುಚ್ಚಿದರೆ, ಅವುಗಳಲ್ಲಿ ನೆಟ್ಟಿದ್ದ ಸಾರ್ಕೋಮಾ 180 ಎಂಬ ಗಡ್ಡೆ ಕುಗ್ಗುತ್ತದೆ ಎಂಬುದು ಅದರ ಸಾರಾಂಶ. ಈ ಪದಾರ್ಥಕ್ಕೆ ಲೆಂಟಿನಾನ್ ಎಂದು ಹೆಸರಾಯಿತು. ಇದು ಬೀಟಾ-ಗ್ಲೂಕನ್ ಎಂಬ ಗುಂಪಿಗೆ ಸೇರಿದ್ದು. ಗ್ಲೂಕೋಸ್ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು, ನಡುನಡುವೆ ಕವಲೊಡೆದು ಆದ ದೊಡ್ಡ ಅಣು. ಅಣಬೆಯ ಕೋಶಗೋಡೆ ಬಹುಮಟ್ಟಿಗೆ ಇಂಥ ಗ್ಲೂಕನ್‌ಗಳಿಂದ ಮತ್ತು ಕೈಟಿನ್‌ನಿಂದ ಕಟ್ಟಿದ್ದು.

ಇಲ್ಲಿ ಕುತೂಹಲದ ವಿಷಯ ಬೇರೆಯೇ ಇದೆ. ಇದೇ ಲೆಂಟಿನಾನನ್ನು ಗಡ್ಡೆಯ ಕೋಶಗಳ ಮೇಲೆ ನೇರವಾಗಿ ಹಾಕಿದರೆ ಅವು ಸಾಯುವುದಿಲ್ಲ. ಅವುಗಳ ಪಾಡಿಗೆ ಅವು ಬೆಳೆಯುತ್ತಲೇ ಇರುತ್ತವೆ. ಹಾಗಾದರೆ ಇಲಿಯೊಳಗೆ ಗಡ್ಡೆ ಕುಗ್ಗಿದ್ದು ಹೇಗೆ? ಉತ್ತರದ ಸುಳಿವು 1971ರಲ್ಲಿ ಸಿಕ್ಕಿತು. ಹುಟ್ಟಿದ ಕೂಡಲೇ ಥೈಮಸ್ ಗ್ರಂಥಿ ತೆಗೆದ ಇಲಿಗಳಲ್ಲಿ ಲೆಂಟಿನಾನ್ ಕೆಲಸ ಮಾಡಲಿಲ್ಲ. ಥೈಮಸ್ ಎಂದರೆ ಟಿ-ಕೋಶಗಳೆಂಬ ರಕ್ಷಣಾ ಕೋಶಗಳು ಬಲಿತು ತಯಾರಾಗುವ ಜಾಗ. ಟಿ-ಕೋಶ ಇಲ್ಲದಿದ್ದರೆ ಲೆಂಟಿನಾನ್‌ಗೂ ಬಲ ಇಲ್ಲ. ಅಂದರೆ ಗಡ್ಡೆಯ ಮೇಲೆ ಬಿದ್ದದ್ದು ಅಣಬೆಯ ಸಾರವಲ್ಲ, ಆ ಸಾರದಿಂದ ಎಚ್ಚೆತ್ತ ದೇಹದ ರಕ್ಷಣಾ ವ್ಯವಸ್ಥೆ.

ಎಚ್ಚರಿಸುವುದು ಹೇಗೆ ಎಂಬುದಕ್ಕೆ ಇನ್ನೂ 30 ವರ್ಷ ಕಾಯಬೇಕಾಯಿತು. 2001ರಲ್ಲಿ ಗಾರ್ಡನ್ ಬ್ರೌನ್ ಮತ್ತು ಸಯಾಮನ್ ಗಾರ್ಡನ್ ಅವರು ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳ ಮೇಲಿರುವ ಡೆಕ್ಟಿನ್-1 ಎಂಬ ಗ್ರಾಹಕ ಬೀಟಾ-ಗ್ಲೂಕನನ್ನು ಗುರುತಿಸಿ ಹಿಡಿಯುತ್ತದೆ ಎಂದು ತೋರಿಸಿದರು. ನಮ್ಮ ದೇಹದಲ್ಲಿ ಬೀಟಾ-ಗ್ಲೂಕನ್ ತಯಾರಾಗುವುದೇ ಇಲ್ಲ. ಅದು ಕಂಡರೆ ಶಿಲೀಂಧ್ರ ಒಳಗೆ ಬಂದಿದೆ ಎಂದೇ ರಕ್ಷಣಾ ಕೋಶಗಳ ಲೆಕ್ಕ. ಗೇಟಿನಲ್ಲಿ ನಿಂತ ಕಾವಲುಗಾರ ಅಪರಿಚಿತ ಸಮವಸ್ತ್ರ ನೋಡಿ ಸೀಟಿ ಊದಿದ ಹಾಗೆ ಅವು ಸಂಕೇತ ಕಳಿಸುತ್ತವೆ. ಸೈಟೊಕೈನ್ ಎಂಬ ಸಂಕೇತ ಪದಾರ್ಥಗಳು ಹೊರಬರುತ್ತವೆ, ಎನ್‌ಕೆ ಕೋಶಗಳೆಂಬ ಇನ್ನೊಂದು ಬಗೆಯ ರಕ್ಷಣಾ ಕೋಶಗಳು ಮತ್ತು ಟಿ-ಕೋಶಗಳು ಚುರುಕಾಗುತ್ತವೆ. ಹೀಗೆ ಎದ್ದು ಕೂತ ರಕ್ಷಣೆ ಕೆಲವೊಮ್ಮೆ ಗಡ್ಡೆಯ ಕಡೆಗೂ ತಿರುಗುತ್ತದೆ.

ಇನ್ನೊಂದು ಸೂಕ್ಷ್ಮವೂ ಆ ಕಾಲದಲ್ಲೇ ಗೊತ್ತಾಗಿತ್ತು. ಲೆಂಟಿನಾನ್ ಜಾಸ್ತಿ ಕೊಟ್ಟಷ್ಟೂ ಪರಿಣಾಮ ಜಾಸ್ತಿ ಆಗಲಿಲ್ಲ. ಒಂದು ಮಿತಿ ದಾಟಿದ ಮೇಲೆ ಪರಿಣಾಮ ಇಳಿಯಿತು. ಕೋಶಗಳನ್ನು ನೇರವಾಗಿ ಕೊಲ್ಲುವ ವಿಷದ ನಡವಳಿಕೆ ಸಾಮಾನ್ಯವಾಗಿ ಹೀಗಿರುವುದಿಲ್ಲ. "ಎರಡು ಮಾತ್ರೆ ಬದಲು ನಾಲ್ಕು ತಗೊಂಡರೆ ಬೇಗ ಗುಣ" ಎಂದು ನಂಬುವವರು ಈ ಸಂಗತಿಯನ್ನು ಗಮನಿಸಬೇಕು.

ಜಪಾನ್ 1985ರಲ್ಲಿ ಲೆಂಟಿನಾನ್ ಇಂಜೆಕ್ಷನ್ನನ್ನು ಜಠರದ ಕ್ಯಾನ್ಸರಿಗೆ, ಕೀಮೊ ಜೊತೆಗೆ ಬಳಸಲು ಒಪ್ಪಿತು. ಅದಕ್ಕೂ ಮೊದಲು 1977ರಲ್ಲಿ ಪಿಎಸ್‌ಕೆ ಎಂಬ ಇನ್ನೊಂದು ಔಷಧಿಗೆ ಅಲ್ಲಿ ಅನುಮತಿ ಸಿಕ್ಕಿತ್ತು. ಅದು ಟರ್ಕಿ ಟೇಲ್ ಎಂದು ಕರೆಯುವ, ಮರದ ಮೇಲೆ ಬಣ್ಣಬಣ್ಣದ ಪಟ್ಟೆಗಳಾಗಿ ಬೆಳೆಯುವ ಟ್ರಮೀಟಿಸ್ ವರ್ಸಿಕಲರ್ ಅಣಬೆಯದು. ಅದಕ್ಕೆ ಕಾಡಿನಿಂದ ಆಯ್ದ ಅಣಬೆ ಬಳಸುತ್ತಿರಲಿಲ್ಲ. ಗೊತ್ತಿರುವ ಒಂದೇ ತಳಿಯ ಮೈಸೀಲಿಯಂ, ಅಂದರೆ ಅಣಬೆಯ ಬೇರಿನಂಥ ಬಿಳಿ ಎಳೆಗಳ ಜಾಲವನ್ನು ಬೆಳೆಸಿ ಅದರಿಂದ ತೆಗೆಯುತ್ತಿದ್ದರು. ಇದನ್ನು ಬಾಯಿಯ ಮೂಲಕವೇ ಕೊಡುತ್ತಿದ್ದರು. ಜಠರದ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆದ 8,009 ರೋಗಿಗಳಿದ್ದ 8 ಪ್ರಯೋಗಗಳನ್ನು ಒಟ್ಟು ಸೇರಿಸಿ 2007ರಲ್ಲಿ ಲೆಕ್ಕ ಹಾಕಿದಾಗ, ಕೀಮೊ ಜೊತೆ ಪಿಎಸ್‌ಕೆ ಪಡೆದವರಲ್ಲಿ ಸಾವಿನ ಅಪಾಯ ಬರೀ ಕೀಮೊ ಪಡೆದವರಿಗಿಂತ ಸುಮಾರು 12 ಶೇಕಡಾ ಕಡಿಮೆ ಇತ್ತು.

12 ಶೇಕಡಾ ಸಣ್ಣದೇ ಇರಬಹುದು. ಆದರೆ ಅದು ತಟ್ಟೆಯಲ್ಲಿ ಎಣಿಸಿದ ಕೋಶಗಳ ಲೆಕ್ಕವಲ್ಲ, ಮನುಷ್ಯರ ಆಯಸ್ಸಿನ ಲೆಕ್ಕ. ಅದೂ ಶಸ್ತ್ರಚಿಕಿತ್ಸೆ ಮತ್ತು ಕೀಮೊ ಎರಡೂ ನಡೆದ ಮೇಲೆ ಸಿಕ್ಕ ಹೆಚ್ಚುವರಿ ಲಾಭ. ಅವುಗಳ ಬದಲಿಗೆ ಸಿಕ್ಕದ್ದಲ್ಲ.

ನೇರಳೆ ಬಣ್ಣದ ಲೆಕ್ಕ

ಈಗ ತಟ್ಟೆಯ ಕಡೆಗೆ ಬರೋಣ. "ಕೋಶಗಳ ಬೆಳವಣಿಗೆ ಇಷ್ಟು ಶೇಕಡಾ ಕುಂಠಿತವಾಯಿತು" ಎಂದು ಬರೆಯುವಾಗ ಸಂಶೋಧಕರು ಹೆಚ್ಚಾಗಿ ಕೋಶಗಳನ್ನು ಒಂದೊಂದಾಗಿ ಎಣಿಸಿರುವುದಿಲ್ಲ. 96 ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಕೋಶಗಳನ್ನು ಬೆಳೆಸುತ್ತಾರೆ. ಒಂದೊಂದು ಸಾಲಿಗೆ ಒಂದೊಂದು ಪ್ರಮಾಣದ ಸಾರ ಹಾಕುತ್ತಾರೆ. ಒಂದು, ಎರಡು ಅಥವಾ ಮೂರು ದಿನ ಬಿಡುತ್ತಾರೆ. ಆಮೇಲೆ ಎಂಟಿಟಿ ಎಂಬ ಹಳದಿ ಪದಾರ್ಥ ಸೇರಿಸುತ್ತಾರೆ. ಜೀವಂತ ಕೋಶಗಳೊಳಗಿನ ಕಿಣ್ವಗಳು ಅದನ್ನು ನೇರಳೆ ಬಣ್ಣಕ್ಕೆ ತಿರುಗಿಸುತ್ತವೆ. ಬಣ್ಣ ಗಾಢವಾಗಿದ್ದರೆ ಕೋಶಗಳು ಜಾಸ್ತಿ, ತಿಳಿಯಾಗಿದ್ದರೆ ಕಡಿಮೆ ಎಂದು ಲೆಕ್ಕ. 1983ರಲ್ಲಿ ಟಿಮ್ ಮೋಸ್ಮನ್ ಪ್ರಕಟಿಸಿದ ವಿಧಾನ ಇದು. ಸುಲಭ, ಅಗ್ಗ, ವೇಗ. ಹಾಗಾಗಿ ಜಗತ್ತಿನ ಎಲ್ಲ ಕಡೆಯೂ ಬಳಕೆಯಲ್ಲಿದೆ.

ತೊಂದರೆ ಏನೆಂದರೆ, ಈ ವಿಧಾನ ಅಳೆಯುವುದು ಬಣ್ಣವನ್ನು. ಬಣ್ಣ ಕಡಿಮೆಯಾದರೆ ಕೋಶ ಸತ್ತಿರಬಹುದು. ಅಥವಾ ಸಾಯದೆ, ವಿಭಜನೆ ನಿಲ್ಲಿಸಿ ಸುಮ್ನೆ ಕೂತಿರಬಹುದು. ಅಥವಾ ಎರಡೂ ಆಗದೆ ಅದರ ಚಯಾಪಚಯ ಮಾತ್ರ ನಿಧಾನವಾಗಿರಬಹುದು. ಮೂರಕ್ಕೂ ಒಂದೇ ಅಂಕಿ ಬರುತ್ತದೆ.

ಅಣಬೆ ಸಾರದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಈ ಸಾರಗಳಲ್ಲಿ ಆಂಟಿಆಕ್ಸಿಡೆಂಟ್ ಗುಣದ ಫೀನಾಲ್‌ಗಳು ಇರುತ್ತವೆ. ಅವು ಕೋಶದ ಹಂಗಿಲ್ಲದೆ ತಾವೇ ಎಂಟಿಟಿಯನ್ನು ನೇರಳೆಯಾಗಿಸಬಲ್ಲವು. ಆಗ ಸತ್ತ ಕೋಶಗಳೂ ಬದುಕಿರುವಂತೆ ಲೆಕ್ಕಕ್ಕೆ ಬರುತ್ತವೆ. ಎಷ್ಟೋ ಸಾರಗಳು ಕಡು ಕಂದು ಬಣ್ಣದವು. ಆ ಬಣ್ಣವೇ ಉಪಕರಣದ ಓದನ್ನು ತಪ್ಪಿಸಬಹುದು. ಸಾರವನ್ನು ಕರಗಿಸಲು ಬಳಸಿದ ಆಲ್ಕೋಹಾಲ್ ಅಥವಾ ಡಿಎಂಎಸ್‌ಒ ಎಂಬ ದ್ರಾವಕ ಕೂಡ ಕೋಶಗಳಿಗೆ ಹಾನಿ ಮಾಡಬಹುದು. ಆದ್ದರಿಂದ ಕೋಶವಿಲ್ಲದ ಗುಳಿಗೆ ಬರೀ ಸಾರ ಹಾಕಿದ್ದು, ಸಾರವಿಲ್ಲದೆ ಬರೀ ದ್ರಾವಕ ಹಾಕಿದ್ದು, ಎರಡನ್ನೂ ಜೊತೆಯಲ್ಲಿಟ್ಟು ಹೋಲಿಸಿದ್ದಾರೆಯೇ ಎಂದು ನೋಡಬೇಕು. ಒಳ್ಳೆಯ ಪ್ರಯೋಗಾಲಯಗಳು ಇದನ್ನು ಮಾಡುತ್ತವೆ. ಜೊತೆಗೆ ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸುವ ಫ್ಲೋ ಸೈಟೊಮೆಟ್ರಿ ಮಾಡಿ, ಕೋಶಗಳು ವಿಭಜನೆಯ ಯಾವ ಹಂತದಲ್ಲಿ ನಿಂತವು ಎಂದು ನೋಡುತ್ತವೆ. ಕ್ಯಾಸ್ಪೇಸ್ ಕಿಣ್ವಗಳು ಚುರುಕಾಗಿವೆಯೇ ಎಂದು ಪರೀಕ್ಷಿಸಿ, ಅದು ಅಪೊಪ್ಟೋಸಿಸ್ ಎಂಬ ಕ್ರಮಬದ್ಧ ಸಾವೇ ಅಥವಾ ಕೋಶ ಸುಮ್ಮನೆ ಒಡೆದು ಹೋದದ್ದೇ ಎಂದು ಬೇರ್ಪಡಿಸುತ್ತವೆ. ಇಷ್ಟು ಮಾಡಿದ ಲೇಖನವನ್ನು ನಾನು ಗೌರವದಿಂದ ಓದುತ್ತೇನೆ.

ಆಮೇಲೆ ಬರುವುದು ಪ್ರಮಾಣ. ಈ ಇಡೀ ಚರ್ಚೆಯಲ್ಲಿ ಅತಿ ಹೆಚ್ಚು ಮುಚ್ಚಿಹೋಗುವುದು ಇದೇ. ಕೋಶಗಳ ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸಲು ಎಷ್ಟು ಸಾರ ಬೇಕು ಎಂಬ ಅಂಕಿಗೆ ಐಸಿ50 ಎನ್ನುತ್ತಾರೆ. ಕಚ್ಚಾ ಸಾರವೊಂದು ಮಿಲಿಲೀಟರಿಗೆ 20ರಿಂದ 30 ಮೈಕ್ರೋಗ್ರಾಂ ಒಳಗೆ ಈ ಮಟ್ಟ ಮುಟ್ಟಿದರೆ ಮಾತ್ರ ಮುಂದೆ ನೋಡಲು ಯೋಗ್ಯ ಎಂಬುದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಿಂದ ಬಂದ, ಸಂಶೋಧಕರು ಸಾಮಾನ್ಯವಾಗಿ ಪಾಲಿಸುವ ಅಳತೆ. ಅಣಬೆ ಲೇಖನಗಳಲ್ಲಿ 200, 500, ಕೆಲವೊಮ್ಮೆ 1,000 ಮೈಕ್ರೋಗ್ರಾಂ ಕೂಡ ಕಾಣುತ್ತದೆ. ಅಷ್ಟು ದಟ್ಟವಾಗಿ ಹಾಕಿದರೆ ಎಷ್ಟೋ ಸಾಮಾನ್ಯ ಪದಾರ್ಥಗಳೂ ಕೋಶಗಳನ್ನು ಹಿಂಡಿಬಿಡುತ್ತವೆ.

ಒಂದು ಸರಳ ಲೆಕ್ಕ ಹಾಕಿ ನೋಡಿ. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಅದರಲ್ಲಿ ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಮಟ್ಟ ಬರಬೇಕಾದರೆ ಅರ್ಧ ಗ್ರಾಂ ಸಾರ, ಒಂದು ಚೂರೂ ಹಾಳಾಗದೆ, ಒಂದೇ ಹೊತ್ತಿಗೆ, ರಕ್ತದಲ್ಲೇ ಇರಬೇಕು. ಆದರೆ ಪದಾರ್ಥ ರಕ್ತದಲ್ಲೇ ನಿಲ್ಲುವುದಿಲ್ಲ. ದೇಹದಲ್ಲಿರುವ ಸುಮಾರು 40 ಲೀಟರ್ ನೀರಿಗೆಲ್ಲ ಹರಡಿದರೆ 4 ಗ್ರಾಂ ಬೇಕು. ಅದನ್ನು ಎರಡು ದಿನ ಅದೇ ಮಟ್ಟದಲ್ಲಿ ಉಳಿಸಿಕೊಳ್ಳಲೂ ಬೇಕು. ಏಕೆಂದರೆ ತಟ್ಟೆಯ ಕೋಶಗಳು ಎರಡು ದಿನ ಆ ಸಾರದಲ್ಲೇ ಮುಳುಗಿದ್ದವು. ನಿಜದಲ್ಲಿ ಜೀರ್ಣಾಂಗ ಇದೆ, ಯಕೃತ್ತು ಇದೆ, ಮೂತ್ರಪಿಂಡ ಇದೆ. ರೀಶಿ ಎಂಬ ಔಷಧೀಯ ಅಣಬೆಯಲ್ಲಿರುವ ಗ್ಯಾನೊಡೆರಿಕ್ ಆಮ್ಲಗಳನ್ನು ಆರೋಗ್ಯವಂತರಿಗೆ ಕೊಟ್ಟು ರಕ್ತದಲ್ಲಿ ಅಳೆದಾಗ ಸಿಕ್ಕದ್ದು ಮಿಲಿಲೀಟರಿಗೆ ನ್ಯಾನೊಗ್ರಾಂ ಲೆಕ್ಕದಲ್ಲಿ. ನ್ಯಾನೊಗ್ರಾಂ ಎಂದರೆ ಮೈಕ್ರೋಗ್ರಾಂನ ಸಾವಿರದಲ್ಲಿ ಒಂದು ಭಾಗ. ಅದೂ ಬೇಗನೆ ಇಳಿದುಹೋಯಿತು.

ಕೊನೆಗೆ, ಯಾವ ಕೋಶ? ಪ್ರಯೋಗಾಲಯದಲ್ಲಿ ಬಳಸುವ ಹೀಲಾ ಕೋಶಗಳು 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕಂಠದ ಗಡ್ಡೆಯಿಂದ ಬಂದವು. ಅಂದಿನಿಂದ ಸತತವಾಗಿ ವಿಭಜನೆಯಾಗುತ್ತಾ, ಪ್ಲಾಸ್ಟಿಕ್ ತಟ್ಟೆಯ ಬದುಕಿಗೆ ಒಗ್ಗಿಹೋಗಿವೆ. ರಕ್ತನಾಳ, ರಕ್ಷಣಾ ಕೋಶ, ಪಕ್ಕದ ಅಂಗಾಂಶ ಯಾವುದೂ ಅವುಗಳ ಜೊತೆ ಇಲ್ಲ. ರೋಗಿಯೊಬ್ಬರ ದೇಹದೊಳಗಿನ ಗಡ್ಡೆಯ ಸ್ಥಿತಿ ಹೀಗಿರುವುದಿಲ್ಲ. ಜೊತೆಗೆ ಆರೋಗ್ಯವಂತ ಕೋಶಗಳ ಮೇಲೂ ಅದೇ ಸಾರ ಹಾಕಿ ನೋಡಿದ್ದಾರೆಯೇ ಎಂಬುದು ಮುಖ್ಯ. ಕ್ಯಾನ್ಸರ್ ಕೋಶವನ್ನು ಎಷ್ಟು ಕೊಂದಿತೋ ಆರೋಗ್ಯವಂತ ಕೋಶವನ್ನೂ ಅಷ್ಟೇ ಕೊಂದರೆ ಅದು ಔಷಧಿ ಅಲ್ಲ, ವಿಷ ಅಲ್ವಾ?

ತಟ್ಟೆಯಲ್ಲಿ ಗೆದ್ದು ರಕ್ತದಲ್ಲಿ ಸೋತದ್ದು

ಲೆಂಟಿನಾನ್‌ಗೆ ಪೂರ್ತಿ ವಿರುದ್ಧವಾದ ಕಥೆ ಕಾರ್ಡಿಸೆಪಿನ್‌ನದು. ಕಿತ್ತಳೆ ಬಣ್ಣದ ಕಾರ್ಡಿಸೆಪ್ಸ್ ಮಿಲಿಟಾರಿಸ್ ಎಂಬ ಶಿಲೀಂಧ್ರದಿಂದ ಇದನ್ನು 1950ರಲ್ಲಿ ಬೇರ್ಪಡಿಸಿದರು. ಕಾಡಿನಲ್ಲಿ ಇದು ಕೀಟಗಳ ಮೇಲೆ ಬೆಳೆಯುತ್ತದೆ. ಈಗ ಧಾನ್ಯದ ಮೇಲೆ ಇದನ್ನು ಬೆಳೆಸುವುದು ದೊಡ್ಡ ಉದ್ಯಮವಾಗಿದೆ. ಕಾರ್ಡಿಸೆಪಿನ್ ನೋಡಲು ನಮ್ಮ ಕೋಶದೊಳಗೇ ಇರುವ ಅಡಿನೊಸಿನ್ ಥರವೇ. ಒಂದೇ ಒಂದು ಆಮ್ಲಜನಕ ಪರಮಾಣು ಕಡಿಮೆ, ಅಷ್ಟೇ.

ಆ ಒಂದು ಪರಮಾಣು ಇಲ್ಲದಿರುವುದು ಬಹಳ ಮುಖ್ಯವಾದ ಜಾಗದಲ್ಲಿ. ಜೀನಿನ ಸಂದೇಶ ಒಯ್ಯುವ ಆರ್‌ಎನ್‌ಎ ಸರಪಳಿಯನ್ನು ಕೋಶ ಹೆಣೆಯುವಾಗ ಮುಂದಿನ ಕೊಂಡಿ ಸೇರಬೇಕಾದದ್ದು ಅಲ್ಲೇ. ಕೋಶ ಇದನ್ನು ಅಡಿನೊಸಿನ್ ಎಂದೇ ತಿಳಿದು ಸರಪಳಿಗೆ ಸೇರಿಸುತ್ತದೆ. ಮುಂದಿನ ಕೊಂಡಿ ಸೇರಲು ಜಾಗ ಇರುವುದಿಲ್ಲ. ಸರಪಳಿ ಅಲ್ಲಿಗೆ ನಿಂತಿತು. ಮೆಸೆಂಜರ್ ಆರ್‌ಎನ್‌ಎಗೆ ಕೊನೆಯಲ್ಲಿ ಸೇರಬೇಕಾದ ಅಡಿನೊಸಿನ್ ಬಾಲ ಬೆಳೆಯುವುದೂ ಇದರಿಂದ ತಪ್ಪುತ್ತದೆ. ವೇಗವಾಗಿ ವಿಭಜನೆಯಾಗುವ ಕೋಶಗಳಿಗೆ ಇದು ದೊಡ್ಡ ಹೊಡೆತ. ಹೀಗಾಗಿ ಕಾರ್ಡಿಸೆಪಿನ್ ಕೋಶಗಳ ಬೆಳವಣಿಗೆ ತಡೆಯುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಏಕೆ ತಡೆಯುತ್ತದೆ ಎಂಬುದೂ ಅಣುಮಟ್ಟದಲ್ಲಿ ಗೊತ್ತು.

ಆದರೆ ನಮ್ಮ ರಕ್ತದಲ್ಲಿ ಮತ್ತು ಅಂಗಾಂಶಗಳಲ್ಲಿ ಅಡಿನೊಸಿನ್ ಡಿಅಮಿನೇಸ್ ಎಂಬ ಕಿಣ್ವ ಇದೆ. ಅಡಿನೊಸಿನ್ನನ್ನು ಒಡೆಯುವುದು ಅದರ ಕೆಲಸ. ಕಾರ್ಡಿಸೆಪಿನ್ನನ್ನೂ ಅದು ಅಡಿನೊಸಿನ್ ಎಂದೇ ತಿಳಿದು, ನೋಡುನೋಡುತ್ತಿದ್ದಂತೆ ನಿಷ್ಕ್ರಿಯ ಪದಾರ್ಥವಾಗಿ ಬದಲಿಸುತ್ತದೆ. ಗಡ್ಡೆಯನ್ನು ತಲುಪುವ ಮೊದಲೇ ಆಟ ಮುಗಿಯುತ್ತದೆ. ಇದನ್ನು ದಾಟಲು ಮೊದಲು ಪೆಂಟೊಸ್ಟಾಟಿನ್ ಎಂಬ ಔಷಧಿ ಕೊಟ್ಟು ಆ ಕಿಣ್ವವನ್ನೇ ತಡೆದು, ಕಾರ್ಡಿಸೆಪಿನ್ ಕೊಡುವ ಪ್ರಯತ್ನ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಇದ್ದ ರೋಗಿಗಳಲ್ಲಿ ನಡೆಯಿತು. ಆಮೇಲೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ನ್ಯುಕಾನಾ ಎಂಬ ಕಂಪನಿ ಸೇರಿ ಇನ್ನೊಂದು ದಾರಿ ಹಿಡಿದರು. ಕಿಣ್ವ ಮುಟ್ಟಲಾಗದಂತೆ ಅಣುವಿಗೆ ಒಂದು ರಾಸಾಯನಿಕ ಹೊದಿಕೆ ಜೋಡಿಸಿದರು. ಅದರ ಹೆಸರು ಎನ್‌ಯುಸಿ-7738. ಅದು ಮನುಷ್ಯರ ಮೇಲಿನ ಪ್ರಯೋಗದ ಹಂತಕ್ಕೆ ಬಂದಿದೆ.

ಕ್ಯಾಪ್ಸೂಲಿನಲ್ಲಿ ಸಿಗುವ ಕಾರ್ಡಿಸೆಪ್ಸ್ ಪುಡಿಗೆ ಆ ಹೊದಿಕೆ ಇಲ್ಲ. ಆದರೂ ಅದನ್ನು ಮಾರುವವರು ತೋರಿಸುವುದು ಕಾರ್ಡಿಸೆಪಿನ್‌ನ ತಟ್ಟೆ ಪ್ರಯೋಗಗಳನ್ನೇ. ಇದು ಜನರಿಗೆ ಮಾಡುವ ಅನ್ಯಾಯ ಎಂದು ನನಗೆ ಅನ್ನಿಸುತ್ತದೆ. ವಿಜ್ಞಾನಿಗಳು ಇಷ್ಟೆಲ್ಲ ಕಷ್ಟಪಟ್ಟು ದಾಟಲು ಹೊರಟಿರುವ ಅಡ್ಡಿಯನ್ನೇ ಮುಚ್ಚಿಟ್ಟು, ಅಡ್ಡಿಯಾಚೆಗಿನ ಫಲವನ್ನು ಮಾತ್ರ ತೋರಿಸಿದಂತಾಯಿತು.

ಬೆಳೆಸುವ ಅಣಬೆಗಳೂ ಇವೆ

ಸಾರ ಎಂದರೆ ಬೆಳವಣಿಗೆ ತಡೆಯುವುದೇ ಎಂದುಕೊಳ್ಳಬೇಡಿ. ಕೆಲವು ಸಾರಗಳು ಕೆಲವು ಕೋಶಗಳನ್ನು ಬೆಳೆಯುವಂತೆ ಮಾಡುತ್ತವೆ. ಬಿಳಿ ಗಡ್ಡದಂತೆ ಇಳಿಬೀಳುವ ಲಯನ್ಸ್ ಮೇನ್ ಅಣಬೆ ಇದಕ್ಕೆ ಒಳ್ಳೆಯ ಉದಾಹರಣೆ. ಜಪಾನಿನ ಹಿರೊಕಾಝು ಕವಾಗಿಶಿ ಮತ್ತು ತಂಡ 1990ರ ದಶಕದಲ್ಲಿ ಇದರಿಂದ ಹೆರಿಸಿನೋನ್ ಮತ್ತು ಎರಿನಾಸಿನ್ ಎಂಬ ಎರಡು ಗುಂಪಿನ ಪದಾರ್ಥಗಳನ್ನು ಬೇರ್ಪಡಿಸಿತು. ಮಿದುಳಿನ ಆಸ್ಟ್ರೋಸೈಟ್ ಕೋಶಗಳನ್ನು ಬೆಳೆಸಿ ಅದಕ್ಕೆ ಇವನ್ನು ಹಾಕಿದಾಗ ಅವು ನರ ಬೆಳವಣಿಗೆ ಅಂಶವನ್ನು, ಅಂದರೆ ಎನ್‌ಜಿಎಫ್ ಅನ್ನು ಹೆಚ್ಚು ತಯಾರಿಸಿದವು. ಈ ಎನ್‌ಜಿಎಫ್ ಮತ್ತು ಅಂಥ ಬೆಳವಣಿಗೆ ಅಂಶಗಳ ಶೋಧಕ್ಕೇ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟಾನ್ಲಿ ಕೊಹೆನ್ ಅವರಿಗೆ 1986ರಲ್ಲಿ ನೊಬೆಲ್ ಬಂದದ್ದು.

ಇಲ್ಲಿ ಬೆಳವಣಿಗೆ ಎಂದರೆ ಕೋಶಗಳ ಸಂಖ್ಯೆ ಹೆಚ್ಚುವುದಲ್ಲ. ನರಕೋಶದಿಂದ ಹೊಸ ಎಳೆಗಳು ಚಾಚಿಕೊಳ್ಳುವುದು. ಇದರ ಮೇಲೆ ಜಪಾನಿನಲ್ಲಿ 50ರಿಂದ 80 ವರ್ಷದೊಳಗಿನ, ಸೌಮ್ಯ ಮಟ್ಟದ ಮರೆವು ಇದ್ದ ಸುಮಾರು 30 ಜನರ ಒಂದು ಸಣ್ಣ ಪ್ರಯೋಗ ನಡೆದು 2009ರಲ್ಲಿ ಪ್ರಕಟವಾಯಿತು. 16 ವಾರ ಈ ಅಣಬೆಯ ಪುಡಿಯ ಮಾತ್ರೆ ತೆಗೆದುಕೊಂಡವರ ಅಂಕ ಸುಧಾರಿಸಿತು. ನಿಲ್ಲಿಸಿ ನಾಲ್ಕು ವಾರ ಆದ ಮೇಲೆ ಇಳಿಯಿತು. ಆಸೆ ಹುಟ್ಟಿಸುವ ಫಲಿತಾಂಶವೇ. ಆದರೆ ಸಂಖ್ಯೆ ತೀರಾ ಸಣ್ಣದು.

ಬೆಳೆಸುವ ಗುಣಕ್ಕೆ ಇನ್ನೊಂದು ಮುಖವೂ ಇದೆ. 2006ರಲ್ಲಿ ಜಪಾನಿನ ಆರೋಗ್ಯ ಸಚಿವಾಲಯ ಅಗಾರಿಕಸ್ ಜಾತಿಯ ಔಷಧೀಯ ಅಣಬೆಯಿಂದ ಮಾಡಿದ ಮೂರು ಉತ್ಪನ್ನಗಳನ್ನು ಪರೀಕ್ಷೆಗೆ ಒಳಪಡಿಸಿತ್ತು. ಅವುಗಳಲ್ಲಿ ಒಂದು, ಇಲಿಗಳಲ್ಲಿ ಕ್ಯಾನ್ಸರ್ ಬೆಳೆಯುವುದಕ್ಕೆ ಕುಮ್ಮಕ್ಕು ಕೊಡುತ್ತದೆ ಎಂದು ಗೊತ್ತಾಯಿತು. ಅದರ ಮಾರಾಟ ನಿಂತಿತು. ಉಳಿದ ಎರಡರಲ್ಲಿ ಆ ತೊಂದರೆ ಕಾಣಲಿಲ್ಲ. ಒಂದೇ ಅಣಬೆ, ಒಂದೇ ಹೆಸರು, ಬೇರೆ ಬೇರೆ ತಯಾರಿ, ತೀರಾ ಬೇರೆ ಫಲಿತಾಂಶ. "ಅಣಬೆ ತಾನೇ, ನೈಸರ್ಗಿಕ, ಏನೂ ಆಗಲ್ಲ" ಎನ್ನುವವರಿಗೆ ನಾನು ಮೊದಲು ಹೇಳುವುದು ಈ ಪ್ರಸಂಗವನ್ನೇ.

ರಕ್ಷಣಾ ಕೋಶಗಳ ಪ್ರಯೋಗಗಳಲ್ಲೂ ಒಂದು ಬಲೆ ಇದೆ. ಸಾರ ಹಾಕಿದ ಮೇಲೆ ಮ್ಯಾಕ್ರೋಫೇಜ್‌ಗಳು ಚುರುಕಾದವು ಎಂದರೆ ಅದು ಬೀಟಾ-ಗ್ಲೂಕನ್ ಪ್ರಭಾವ ಎಂದು ಬರೆದುಬಿಡುತ್ತಾರೆ. ಆದರೆ ಅಣಬೆ ಬೆಳೆಸುವ ಹಾಸಿನಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ. ಅವುಗಳ ಹೊರಗೋಡೆಯ ಎಂಡೊಟಾಕ್ಸಿನ್ ತೀರಾ ಅಲ್ಪ ಪ್ರಮಾಣದಲ್ಲಿ ಸಾರಕ್ಕೆ ಸೇರಿದರೂ ಸಾಕು, ಮ್ಯಾಕ್ರೋಫೇಜ್‌ಗಳು ಕೆರಳುತ್ತವೆ. ಬಿಸಿನೀರಿನಲ್ಲಿ ಕುದಿಸಿದರೂ ಅದು ಸುಲಭಕ್ಕೆ ಹಾಳಾಗುವುದಿಲ್ಲ. ಎಂಡೊಟಾಕ್ಸಿನ್ ಇಲ್ಲ ಎಂದು ಪರೀಕ್ಷಿಸದೆ ಬರೆದ ಲೇಖನ ಅಣಬೆಯ ಗುಣ ಹೇಳುತ್ತಿದೆಯೋ, ಕೊಳೆಯ ಗುಣ ಹೇಳುತ್ತಿದೆಯೋ ತಿಳಿಯುವುದಿಲ್ಲ.

ಬೆಳೆ ಬದಲಾದರೆ ಸಾರವೂ ಬದಲು

ಕಾಡಿನಿಂದ ಆಯ್ದ ಅಣಬೆಗಿಂತ ಬೆಳೆಸಿದ ಅಣಬೆಗೆ ಒಂದು ದೊಡ್ಡ ಅನುಕೂಲ ಇದೆ. ತಳಿ ಗೊತ್ತು, ಹಾಸು ಗೊತ್ತು, ಕೊಯ್ಲಿನ ದಿನ ಗೊತ್ತು. ಹಾಗಾಗಿ ಈ ಸಲ ಸಿಕ್ಕ ಸಾರವೇ ಮುಂದಿನ ಸಲವೂ ಸಿಗುವ ಸಾಧ್ಯತೆ ಇದೆ. ಆದರೆ ಆ ಸಾಧ್ಯತೆಯನ್ನು ನಿಜ ಮಾಡಲು ಕಷ್ಟಪಡಬೇಕು.

ಮರದ ದಿಮ್ಮಿಯ ಮೇಲೆ ಬೆಳೆದ ಶಿಟಾಕೆ ಬೇರೆ, ಮರದ ಪುಡಿಯ ಚೀಲದಲ್ಲಿ ಬೆಳೆದದ್ದು ಬೇರೆ. ಎಳೆಯದಾಗಿ ಕೊಯ್ದದ್ದು ಬೇರೆ, ಬಲಿತ ಮೇಲೆ ಕೊಯ್ದದ್ದು ಬೇರೆ. ಬಿಸಿನೀರಿನಲ್ಲಿ ಕುದಿಸಿದರೆ ಗ್ಲೂಕನ್‌ಗಳು ಬರುತ್ತವೆ. ಆಲ್ಕೋಹಾಲಿನಲ್ಲಿ ನೆನೆಸಿದರೆ ಟ್ರೈಟರ್ಪೀನ್ ಎಂಬ ಬೇರೆ ಗುಂಪಿನ ಪದಾರ್ಥಗಳು ಬರುತ್ತವೆ. ರೀಶಿಯ ಕಹಿಗೆ ಕಾರಣ ಈ ಟ್ರೈಟರ್ಪೀನ್‌ಗಳೇ. ಗ್ಲೂಕನ್ ರಕ್ಷಣಾ ಕೋಶಗಳ ಜೊತೆ ವ್ಯವಹರಿಸುತ್ತದೆ, ಟ್ರೈಟರ್ಪೀನ್ ಗಡ್ಡೆ ಕೋಶದ ಮೇಲೆ ನೇರವಾಗಿ ವರ್ತಿಸುತ್ತದೆ. ಅಂದಮೇಲೆ "ರೀಶಿ ಸಾರ" ಎಂದಷ್ಟೇ ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ಲಯನ್ಸ್ ಮೇನ್‌ನಲ್ಲೂ ಹಾಗೆಯೇ. ಹೆರಿಸಿನೋನ್ ಸಿಗುವುದು ಅಣಬೆಯಲ್ಲಿ, ಎರಿನಾಸಿನ್ ಸಿಗುವುದು ಮೈಸೀಲಿಯಂನಲ್ಲಿ.

ಬರ್ಚ್ ಮರದ ಮೇಲೆ ಕಪ್ಪು ಗಂಟಿನಂತೆ ಬೆಳೆಯುವ ಚಾಗಾದ ವಿಷಯ ಇನ್ನೂ ವಿಚಿತ್ರ. ಕೋಶಗಳ ಮೇಲೆ ಪರಿಣಾಮ ಬೀರುವ ಬೆಟುಲಿನ್ ಮತ್ತು ಬೆಟುಲಿನಿಕ್ ಆಮ್ಲ ಅದರಲ್ಲಿ ಇರುವುದು ಬರ್ಚ್ ತೊಗಟೆಯಿಂದಾಗಿ. ಅದೇ ಶಿಲೀಂಧ್ರವನ್ನು ಬೇರೆ ಹಾಸಿನ ಮೇಲೆ ಬೆಳೆಸಿದರೆ ಹೆಸರು ಚಾಗಾ ಎಂದೇ ಇರುತ್ತದೆ, ಒಳಗಿನ ಪದಾರ್ಥ ಇರುವುದಿಲ್ಲ.

ಧಾನ್ಯದ ಮೇಲೆ ಮೈಸೀಲಿಯಂ ಬೆಳೆಸಿ, ಧಾನ್ಯದ ಸಮೇತ ಒಣಗಿಸಿ ಪುಡಿ ಮಾಡುವ ರೂಢಿಯೂ ಇದೆ. ಮೈಸೀಲಿಯಂ ಧಾನ್ಯದೊಳಗೆ ಹೊಕ್ಕಿರುವುದರಿಂದ ಬೇರ್ಪಡಿಸಲು ಬರುವುದಿಲ್ಲ. ಇಂಥ ಪುಡಿಯಲ್ಲಿ ಪಿಷ್ಟ ಜಾಸ್ತಿ, ಬೀಟಾ-ಗ್ಲೂಕನ್ ಕಡಿಮೆ. ಪಿಷ್ಟವೂ ಗ್ಲೂಕೋಸ್ ಸರಪಳಿಯೇ ಆದ್ದರಿಂದ "ಒಟ್ಟು ಪಾಲಿಸ್ಯಾಕರೈಡ್ ಇಷ್ಟು ಶೇಕಡಾ" ಎಂದು ಡಬ್ಬಿಯ ಮೇಲೆ ಬರೆದರೆ ಎರಡೂ ಸೇರಿಹೋಗುತ್ತವೆ. ಬೀಟಾ-ಗ್ಲೂಕನ್ ಎಷ್ಟು ಎಂದು ಬೇರೆಯಾಗಿ ಬರೆದಿದ್ದರೆ ಮಾತ್ರ ಆ ಅಂಕಿಗೆ ಬೆಲೆ.

ಜಾತಿಯ ಗೊಂದಲ ಬೇರೆ. ಏಷ್ಯಾದಲ್ಲಿ ಬೆಳೆಸುವ ರೀಶಿಯನ್ನು ಬಹಳ ಕಾಲ ಗ್ಯಾನೊಡರ್ಮಾ ಲ್ಯುಸಿಡಮ್ ಎಂದೇ ಕರೆದರು. ಅದು ಬೇರೆಯೇ ಜಾತಿ ಎಂದು 2012ರಲ್ಲಿ ಗ್ಯಾನೊಡರ್ಮಾ ಲಿಂಗ್‌ಝಿ ಎಂಬ ಹೆಸರು ಕೊಟ್ಟರು. ಹಳೆಯ ಎಷ್ಟೋ ಲೇಖನಗಳು ಯಾವ ಜಾತಿಯ ಬಗ್ಗೆ ಮಾತಾಡುತ್ತಿವೆ ಎಂದು ಈಗ ಹಿಂತಿರುಗಿ ಹೇಳುವುದು ಕಷ್ಟ. 2017ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ತಂದ 19 ರೀಶಿ ಉತ್ಪನ್ನಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿ 5 ಮಾತ್ರ ಲೇಬಲ್ಲಿಗೆ ಹೊಂದುತ್ತಿದ್ದವು.

ರೋಗಿಗಳಲ್ಲಿ ಕಂಡದ್ದು

ರೀಶಿ ಬಗ್ಗೆ, ಚಿಕಿತ್ಸಾ ಪ್ರಯೋಗಗಳನ್ನು ಒಟ್ಟು ಸೇರಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಯೊಂದು ಇದೆ. ಒಟ್ಟು 5 ಪ್ರಯೋಗ, 373 ರೋಗಿಗಳು. ಕೀಮೊ ಅಥವಾ ವಿಕಿರಣ ಚಿಕಿತ್ಸೆಯ ಜೊತೆ ರೀಶಿ ಪಡೆದವರಲ್ಲಿ ಗಡ್ಡೆ ಸ್ಪಂದಿಸುವ ಸಾಧ್ಯತೆ ಸುಮಾರು ಒಂದೂವರೆ ಪಟ್ಟು ಕಂಡಿತು. ರೀಶಿ ಒಂದನ್ನೇ ಕೊಟ್ಟಾಗ ಅಂಥ ಲಾಭ ಕಾಣಲಿಲ್ಲ. ದೀರ್ಘಕಾಲ ಬದುಕಿದರೇ ಎಂಬುದನ್ನು ಯಾವ ಪ್ರಯೋಗವೂ ದಾಖಲಿಸಿರಲಿಲ್ಲ. ರೀಶಿಯನ್ನು ಮುಖ್ಯ ಚಿಕಿತ್ಸೆಯಾಗಿ ಬಳಸಲು ಸಾಕಷ್ಟು ಆಧಾರ ಇಲ್ಲ ಎಂದು ಪರಾಮರ್ಶೆ ಹೇಳಿತು.

ತಟ್ಟೆಯಲ್ಲಿ ರೀಶಿ ಸಾರ ಒಂಟಿಯಾಗಿಯೇ ಕೋಶಗಳನ್ನು ಕೊಲ್ಲುತ್ತದೆ. ರೋಗಿಯಲ್ಲಿ ಒಂಟಿಯಾಗಿ ಕೊಟ್ಟರೆ ಲಾಭ ತೋರಲಿಲ್ಲ, ಬೇರೆ ಚಿಕಿತ್ಸೆಯ ಜೊತೆ ಕೊಟ್ಟಾಗ ಒಂದಿಷ್ಟು ತೋರಿತು. ಲೆಂಟಿನಾನ್ ಮತ್ತು ಪಿಎಸ್‌ಕೆ ಹಿಡಿದ ದಾರಿಯೂ ಇದೇ. ಹಾಗಾಗಿ ಇನ್ನಷ್ಟು ಸಾರಗಳನ್ನು ಇನ್ನಷ್ಟು ತಟ್ಟೆಗಳ ಮೇಲೆ ಸುರಿಯುವುದಕ್ಕಿಂತ, ಒಂದೇ ಸಾರವನ್ನು ಸರಿಯಾಗಿ ಅಳೆದು, ಚಿಕಿತ್ಸೆಯಲ್ಲಿರುವ ರೋಗಿಗಳ ರಕ್ಷಣಾ ಕೋಶಗಳು ಏನು ಮಾಡುತ್ತಿವೆ ಎಂದು ನೋಡುವುದು ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಸಿಟಿ ಆಫ್ ಹೋಪ್ ಕೇಂದ್ರದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ಈ ದಿಕ್ಕಿನದು. ಪ್ರಾಸ್ಟೇಟ್ ಕ್ಯಾನ್ಸರ್ ಮರುಕಳಿಸಿದ 36 ಜನರಿಗೆ ಸಾಮಾನ್ಯ ಬಿಳಿ ಬಟನ್ ಅಣಬೆಯ ಪುಡಿಯನ್ನು ದಿನಕ್ಕೆ 4ರಿಂದ 14 ಗ್ರಾಂವರೆಗೆ ಕೊಟ್ಟರು. 13 ಜನರಲ್ಲಿ, ಈ ಕ್ಯಾನ್ಸರಿನ ಸೂಚಕವಾಗಿ ರಕ್ತದಲ್ಲಿ ಅಳೆಯುವ ಪಿಎಸ್‌ಎ ಮಟ್ಟ ಸ್ವಲ್ಪವಾದರೂ ಇಳಿಯಿತು. ಇಬ್ಬರಲ್ಲಿ ಪೂರ್ತಿ ಇಳಿಯಿತು. ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ, ಆದ್ದರಿಂದ ಅಣಬೆಯೇ ಕಾರಣ ಎನ್ನಲಾಗದು. ಆದರೆ ರೋಗಿಗಳ ರಕ್ತದಲ್ಲಿ ರಕ್ಷಣೆಯನ್ನು ಅದುಮಿಡುವ ಕೋಶಗಳ ಮೇಲೂ ಕಣ್ಣಿಟ್ಟಿದ್ದರು. ಕೇಳಬೇಕಾದ ಪ್ರಶ್ನೆಯನ್ನೇ ಅವರು ಕೇಳಿದ್ದರು.

ಅಡ್ಡಪರಿಣಾಮದ ಬಗ್ಗೆಯೂ ಹೇಳಲೇಬೇಕು. ಸರಿಯಾಗಿ ಬೇಯದ ಶಿಟಾಕೆ ತಿಂದ ಕೆಲವರ ಮೈಮೇಲೆ ಚಾಟಿಯಿಂದ ಹೊಡೆದಂತೆ ಕೆಂಪು ಗೆರೆಗಳು ಏಳುತ್ತವೆ. ಅದಕ್ಕೆ ಕಾರಣ ಎನ್ನಲಾಗುವುದು ಇದೇ ಲೆಂಟಿನಾನ್. ಚಾಗಾ ಪುಡಿಯಲ್ಲಿ ಆಕ್ಸಲೇಟ್ ಜಾಸ್ತಿ. ದೀರ್ಘಕಾಲ ತೆಗೆದುಕೊಂಡವರಲ್ಲಿ ಮೂತ್ರಪಿಂಡ ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ರೀಶಿ ಪುಡಿ ತೆಗೆದುಕೊಂಡವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ಅಣಬೆಗಳು ಹಾಸಿನಲ್ಲಿರುವ ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿ ಇಟ್ಟುಕೊಳ್ಳುತ್ತವೆ. ಸಾರವನ್ನು ಸಾಂದ್ರಗೊಳಿಸಿದಾಗ ಅವೂ ಸಾಂದ್ರವಾಗಬಹುದು.

ರಕ್ಷಣಾ ವ್ಯವಸ್ಥೆಯನ್ನು ಎಚ್ಚರಿಸುವ ಪದಾರ್ಥ ಎಲ್ಲರಿಗೂ ಒಳ್ಳೆಯದಲ್ಲ. ಅಂಗಾಂಗ ಕಸಿ ಆದವರು ಆ ರಕ್ಷಣೆಯನ್ನು ಬೇಕೆಂದೇ ತಗ್ಗಿಸುವ ಔಷಧಿ ತೆಗೆದುಕೊಳ್ಳುತ್ತಿರುತ್ತಾರೆ. ಆಟೊಇಮ್ಯೂನ್ ಕಾಯಿಲೆ ಇರುವವರಲ್ಲಿ ಅದು ಈಗಾಗಲೇ ದಾರಿ ತಪ್ಪಿರುತ್ತದೆ. ರಕ್ತ ತೆಳುವಾಗಿಸುವ ಔಷಧಿ ಪಡೆಯುವವರು, ಶಸ್ತ್ರಚಿಕಿತ್ಸೆಗೆ ದಿನ ನಿಗದಿಯಾದವರು, ಇಮ್ಯುನೊಥೆರಪಿ ನಡೆಯುತ್ತಿರುವವರು ವೈದ್ಯರನ್ನು ಕೇಳದೆ ಇವನ್ನು ಶುರುಮಾಡಬಾರದು. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಬೈಯುತ್ತಾರೆ ಎಂಬ ಹೆದರಿಕೆಗೆ ಹೇಳದೆ ಇರುವವರು ಬಹಳ. ಯಕೃತ್ತಿನ ಪರೀಕ್ಷೆಯಲ್ಲಿ ಏರುಪೇರು ಕಂಡರೆ ಅದು ಕೀಮೊದಿಂದ ಆದದ್ದೋ ಪುಡಿಯಿಂದ ಆದದ್ದೋ ಎಂದು ಬೇರ್ಪಡಿಸಲು ವೈದ್ಯರಿಗೆ ಆ ಮಾಹಿತಿ ಬೇಕು. ಮುಂದಿನ ಭೇಟಿಗೆ ಹೋಗುವಾಗ ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಳ್ಳಿ. ಯಾವ ಜಾತಿ, ಯಾವ ಭಾಗ, ಯಾವುದರಲ್ಲಿ ತೆಗೆದ ಸಾರ, ಬೀಟಾ-ಗ್ಲೂಕನ್ ಎಷ್ಟು ಎಂದು ಅದರ ಮೇಲೆ ಬರೆದಿದೆಯೋ ಇಲ್ಲವೋ ಇಬ್ಬರೂ ಕೂತು ನೋಡಬಹುದು.